ವಿಳಾಸ ಓದುವ ಕಣ್ಣು: ಪಶ್ಚಿಮ ಬೆಂಗಳೂರಿನ ಬಡಾವಣೆಗಳು ಮತ್ತು ಅಂಚೆ ವಿಂಗಡಣೆಯ ಯಂತ್ರಗಳು

ಅಂಚೆಯ ಬಗ್ಗೆ ಜನಮನದಲ್ಲಿ ಉಳಿದಿರುವ ಚಿತ್ರವೆಂದರೆ ಓಲೆ ತರುವವನದು. ಗೆಜ್ಜೆಯ ಕೋಲು ಹಿಡಿದು ಓಡುತ್ತಿದ್ದ ಹರಿಕಾರನೂ ಸೈಕಲ್ಲಿನ ಮೇಲೆ ಬರುತ್ತಿದ್ದ ಅಂಚೆಯಣ್ಣನೂ ಕಥೆಗಳಲ್ಲಿ, ಹಾಡುಗಳಲ್ಲಿ, ಚಲನಚಿತ್ರಗಳಲ್ಲಿ ಸ್ಥಾನ ಪಡೆದಿದ್ದಾರೆ. ಆದರೆ ಪತ್ರ ಬರೆದವನಿಗೂ ಅದನ್ನು ತಂದುಕೊಟ್ಟವನಿಗೂ ನಡುವೆ ಇನ್ನೊಬ್ಬ ವ್ಯಕ್ತಿಯಿದ್ದಾನೆ. ಮರದ ಗೂಡುಗಳ ಮುಂದೆ ನಿಂತು, ಲಕೋಟೆಯ ಮೇಲಿನ ಬರಹವನ್ನು ಕ್ಷಣಮಾತ್ರದಲ್ಲಿ ಓದಿ, ಅದನ್ನು ತಕ್ಕ ಗೂಡಿಗೆ ಎಸೆಯುವವನು ಇವನೇ. ಕಚೇರಿಯ ಭಾಷೆಯಲ್ಲಿ ಇವನು ಸಾರ್ಟರ್. ಇವನ ಕೆಲಸವನ್ನು ಯಂತ್ರಕ್ಕೆ ಕಲಿಸುವ ಪ್ರಯತ್ನ ಇಪ್ಪತ್ತನೆಯ ಶತಮಾನದುದ್ದಕ್ಕೂ ನಡೆಯಿತು. ಆ ಪ್ರಯತ್ನದ ಚರಿತ್ರೆಯನ್ನು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ವಿಳಾಸಗಳ ಎದುರಿಗಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಯಂತ್ರ ಕಲಿತದ್ದು ಬರಿಯ ಅಕ್ಷರವನ್ನಲ್ಲ, ಸಾರ್ಟರನ ನೆನಪಿನ ಕ್ರಮವನ್ನು ಎಂಬುದು ಇಲ್ಲಿನ ವಾದ. ಆ ನೆನಪಿನಲ್ಲಿ ಕನ್ನಡದ ಪಾಲೆಷ್ಟು ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ.

ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ಅಂಚೆ ವ್ಯವಸ್ಥೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಅಂಚೆಯೊಡನೆ ವಿಲೀನವಾಯಿತು. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ನಳ ದಮಯಂತಿಯರ ಕಥೆ ಬಲ್ಲವರಿಗೆ ಇದು ಸೊಗಸಾದ ಹೊಂದಿಕೆಯಾಗಿ ತೋರುತ್ತದೆಯಾದರೂ, ತಮಿಳಿನ ‘ಅಂಜಲ್’ ಪದದೊಡನೆ ಇರುವ ನಂಟು ಇದಕ್ಕಿಂತ ನೇರವಾದುದು. ಈ ಅಂಚೆ ಸುದ್ದಿ ಸಾಗಿಸುವುದರ ಜೊತೆಗೆ ಸುದ್ದಿ ಸಂಗ್ರಹಿಸುವ ಗೂಢಚಾರ ವ್ಯವಸ್ಥೆಯೂ ಆಗಿತ್ತೆಂದು ಇತಿಹಾಸಕಾರ ವಿಲ್ಕ್ಸ್ ದಾಖಲಿಸಿದ್ದಾನೆ. ಪತ್ರವನ್ನು ಓದುವ ಕಣ್ಣು ಅಂಚೆಯಲ್ಲಿ ಮೊದಲಿನಿಂದಲೂ ಇತ್ತು. ಆಗ ಅದು ಒಳಗಿನ ಬರಹವನ್ನೂ ಓದುತ್ತಿತ್ತು ಎಂಬುದಷ್ಟೇ ವ್ಯತ್ಯಾಸ. ಮೈಸೂರಿಗೆ ಹೋಗುವ ದಾರಿಯಲ್ಲಿದ್ದ ಕೆಂಗೇರಿ ರೈಲು ಬಂದ ಮೇಲೆ ನಿಲ್ದಾಣದ ಊರಾಯಿತು. ರೈಲಿನೊಡನೆ, ಚಲಿಸುವ ಡಬ್ಬಿಯೊಳಗೇ ಪತ್ರ ವಿಂಗಡಿಸುವ ಪದ್ಧತಿಯೂ ದೇಶದಲ್ಲಿ ಬೆಳೆಯಿತು. ಬೆಂಗಳೂರಿನ ರೈಲ್ವೆ ಅಂಚೆ ವಿಭಾಗವನ್ನು ಇಲಾಖೆ ಇಂದಿಗೂ ‘ಕ್ಯೂ’ ಎಂಬ ಒಂದೇ ಅಕ್ಷರದಿಂದ ಗುರುತಿಸುತ್ತದೆ. ಹೆಸರನ್ನು ಮೊಟಕುಗೊಳಿಸಿ ಚಿಹ್ನೆಯಾಗಿಸುವ ಚಟ ಯಂತ್ರಗಳಿಗಿಂತ ಹಳೆಯದು.

ಈಗ ಯಂತ್ರಗಳ ಕಡೆಗೆ ಬರಬಹುದು. ಪತ್ರ ವಿಂಗಡಿಸುವ ಯಂತ್ರಗಳಲ್ಲಿ ಮೊದಲು ಹೆಸರಾದುದು ಹಾಲೆಂಡಿನ ‘ಟ್ರಾನ್ಸೋರ್ಮಾ’. ಸಾಗಣೆ, ವಿಂಗಡಣೆ ಎಂಬರ್ಥದ ಪದಗಳ ಮೊದಲ ಭಾಗಗಳಿಗೆ ಮಾರ್ಶಾಂದ್ ಮತ್ತು ಆಂಡ್ರೀಸೆನ್ ಎಂಬ ನಿರ್ಮಾಪಕರ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಈ ಪದವನ್ನು ಕಟ್ಟಲಾಯಿತು. 1930ರ ಸುಮಾರಿಗೆ ರಾಟರ್‌ಡ್ಯಾಮಿನಲ್ಲಿಯೂ 1935ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿಯೂ ಅದು ಕೆಲಸಕ್ಕೆ ತೊಡಗಿತು. ಯಂತ್ರದ ಮುಂದೆ ಸಾಲಾಗಿ ಕುಳಿತವರು ವಿಳಾಸವನ್ನು ಓದಿ, ಆ ಊರಿಗೆ ಗೊತ್ತುಪಡಿಸಿದ ಸಂಖ್ಯೆಯನ್ನು ನೆನಪಿನಿಂದ ಕೀಲಿಮಣೆಯಲ್ಲಿ ಒತ್ತುತ್ತಿದ್ದರು. ಪತ್ರವನ್ನು ಗೂಡಿಗೆ ಮುಟ್ಟಿಸುವ ಕೆಲಸ ಮಾತ್ರ ಯಂತ್ರದ್ದು. ಅಂದರೆ ಯಂತ್ರ ಕೈಯ ಕೆಲಸವನ್ನು ವಹಿಸಿಕೊಂಡಿತು, ಕಣ್ಣು ಮತ್ತು ನೆನಪು ಮನುಷ್ಯನಲ್ಲಿಯೇ ಉಳಿದವು.

ಈ ಕೈಯ ಕೆಲಸವೂ ಸುಲಭದ್ದಾಗಿರಲಿಲ್ಲ. ಕಾಗದದ ಕಟ್ಟಿನಿಂದ ಒಂದೇ ಒಂದು ಕಾಗದವನ್ನು ಎಳೆಯುವುದು ಮನುಷ್ಯನಿಗೆ ಬೆರಳು ಒದ್ದೆ ಮಾಡಿಕೊಂಡು ಮಾಡುವಷ್ಟು ಸಣ್ಣ ಕೆಲಸ. ಯಂತ್ರಕ್ಕೆ ಅದೇ ದೊಡ್ಡ ಸವಾಲು. ಗಾಳಿಯನ್ನು ಹೀರಿ ಹಿಡಿಯುವ ಪಟ್ಟಿಗಳು, ಉಜ್ಜಿ ಎಳೆಯುವ ರಬ್ಬರಿನ ಉರುಳೆಗಳು, ಎರಡು ಕಾಗದ ಅಂಟಿಕೊಂಡು ಬಂದರೆ ಪತ್ತೆಹಚ್ಚುವ ಸಾಧನಗಳು ಇದಕ್ಕಾಗಿಯೇ ಹುಟ್ಟಿದವು. ಅಂಚೆಚೀಟಿ ಯಾವ ಮೂಲೆಯಲ್ಲಿದೆ ಎಂದು ತಿಳಿದು ಪತ್ರವನ್ನು ತಿರುಗಿಸಿ ಠಸ್ಸೆ ಒತ್ತಲು ಇನ್ನೊಂದು ಉಪಾಯ ಬೇಕಾಯಿತು. 1957ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ನಿನಲ್ಲಿ ನಡೆದ ಪ್ರಯೋಗಕ್ಕಾಗಿ ಅಂಚೆಚೀಟಿಗಳ ಹಿಂಬದಿಯಲ್ಲಿ ಗ್ರಾಫೈಟ್ ಗೆರೆಗಳನ್ನು ಮುದ್ರಿಸಲಾಯಿತು; ಮುಂದೆ ಅವುಗಳ ಸ್ಥಾನವನ್ನು ಹೊಳೆಯುವ ಫಾಸ್ಫರ್ ಪಟ್ಟಿಗಳು ಪಡೆದವು. ಒಂದೇ ಅಳತೆಯ, ತೆಳುವಾದ, ಅಂಟಿಸಿದ ಲಕೋಟೆಯನ್ನು ಇಂತಹ ಯಂತ್ರಗಳು ಬಯಸುತ್ತವೆ. ನಮ್ಮ ಮದುವೆಯ ಕಾಲದ ಅಂಚೆಯನ್ನು ನೆನೆದರೆ ಇದರ ಕಷ್ಟ ತಿಳಿಯುತ್ತದೆ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ, ಬಾಯಿ ಅಂಟಿಸದೆ ಬುಕ್‌ಪೋಸ್ಟಿನಲ್ಲಿ ಹಾಕಿದ, ದಪ್ಪ ರಟ್ಟಿನ ಲಗ್ನಪತ್ರಿಕೆಗೆ ಮನುಷ್ಯನ ಕೈಯೇ ಸರಿ.

ಕಣ್ಣಿನ ಕೆಲಸ ಯಂತ್ರಕ್ಕೆ ದಾಟಲು ಮೊದಲು ವಿಳಾಸವೇ ಬದಲಾಗಬೇಕಾಯಿತು. ಅಮೆರಿಕವು 1963ರಲ್ಲಿ ಜಿಪ್ ಸಂಕೇತವನ್ನು ಜಾರಿಗೆ ತಂದಿತು. ಅಚ್ಚಿನ ವಿಳಾಸ ಓದುವ ಯಂತ್ರ 1965ರಲ್ಲಿ ಡೆಟ್ರಾಯಿಟ್‌ನಲ್ಲಿ ಕೆಲಸಕ್ಕೆ ಬಂದಿತು. ಭಾರತದಲ್ಲಿ 1972ರ ಆಗಸ್ಟ್ 15ರಂದು ಆರು ಅಂಕಿಗಳ ಪಿನ್ ಸಂಕೇತ ಆರಂಭವಾಯಿತು. ಇದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿಯಾಗಿದ್ದವರು, ಜೊತೆಗೆ ಸಂಸ್ಕೃತ ಕವಿ. ಒಂದೇ ಹೆಸರಿನ ಹಲವು ಊರುಗಳು, ಹಲವು ಭಾಷೆ ಲಿಪಿಗಳ ವಿಳಾಸಗಳು ಉಂಟುಮಾಡುತ್ತಿದ್ದ ಗೊಂದಲಕ್ಕೆ ಅವರು ಕಂಡ ಪರಿಹಾರ ಅಂಕಿ. ಮಾತಿನ ಬಹುರೂಪವನ್ನು ಬಲ್ಲ ಕವಿಯೇ ಮಾತನ್ನು ಬದಿಗಿಟ್ಟು ಅಂಕಿಯನ್ನು ಆರಿಸಿಕೊಂಡದ್ದು ಗಮನಾರ್ಹ.

ಬೆಂಗಳೂರಿಗೆ ಅಂಕಿ ಹೊಸದಾಗಿರಲಿಲ್ಲ. ಪಿನ್‌ಗಿಂತ ಮೊದಲೇ ನಗರದ ಬಟವಾಡೆ ವಲಯಗಳಿಗೆ ಸಂಖ್ಯೆಗಳಿದ್ದವು. 1950, 60ರ ದಶಕಗಳ ಕನ್ನಡ ಪುಸ್ತಕಗಳ ಮೊದಲ ಪುಟದಲ್ಲಿ ‘ಬೆಂಗಳೂರು-2’, ‘ಬೆಂಗಳೂರು-4’ ಎಂದು ಕಾಣುವುದು ಇವೇ. ಹೊಸ ವ್ಯವಸ್ಥೆ ಇವುಗಳ ಮುಂದೆ 5600 ಎಂಬುದನ್ನು ಸೇರಿಸಿಕೊಂಡಿತು. ಹೀಗೆ ರಾಜಾಜಿನಗರ 560010, ವಿಜಯನಗರ 560040, ಕೆಂಗೇರಿ 560060, ಬಸವೇಶ್ವರನಗರ 560079 ಆದವು. ಮೊದಲ ಅಂಕಿ ವಲಯವನ್ನೂ ಮೊದಲ ಮೂರು ಸೇರಿ ವಿಂಗಡಣಾ ಜಿಲ್ಲೆಯನ್ನೂ ಕೊನೆಯ ಮೂರು ಬಟವಾಡೆ ಕಚೇರಿಯನ್ನೂ ಸೂಚಿಸುತ್ತವೆ. ಜಯನಗರವೋ ವಿಜಯನಗರವೋ, ಬೆಂಗಳೂರಿನ ವಿಜಯನಗರವೋ ಮೈಸೂರಿನದೋ ಎಂಬ ಸಂಶಯ ಇದರಿಂದ ನೀಗುತ್ತದೆ. 2021ರಲ್ಲಿ ವಿಜಯನಗರವೆಂಬ ಜಿಲ್ಲೆಯೇ ರಚನೆಯಾದ ಮೇಲಂತೂ ಹೆಸರೊಂದನ್ನೇ ನಂಬಿ ಪತ್ರ ಕಳಿಸುವುದು ಸಾಧ್ಯವಿಲ್ಲ.

ಆದರೆ ಪಿನ್ ಪತ್ರವನ್ನು ಮುಟ್ಟಿಸುವುದು ಅಂಚೆ ಕಚೇರಿಯವರೆಗೆ ಮಾತ್ರ. ಅಲ್ಲಿಂದ ಮುಂದಿನದು ಬೇರೆಯೇ ಬಗೆಯ ಓದು. ಪಶ್ಚಿಮ ಬಡಾವಣೆಗಳ ಒಂದು ಸಾಧಾರಣ ವಿಳಾಸದಲ್ಲಿ ಹೊಸ ನಂಬರು, ಹಳೇ ನಂಬರು, ಅಡ್ಡರಸ್ತೆ, ಮುಖ್ಯರಸ್ತೆ, ಬ್ಲಾಕು, ಹಂತ, ಇವೆಲ್ಲದರ ಕೊನೆಗೆ ಪಿನ್ ಹೀಗೆ ಏಳು ಅಂಕಿಗಳಿರುವುದು ಅಪರೂಪವಲ್ಲ. ‘ವೆಸ್ಟ್ ಆಫ್ ಕಾರ್ಡ್ ರೋಡ್’ ಎಂಬುದು ದಿಕ್ಕನ್ನು ಹೇಳುವ ಮಾತು, ಬಳಸಿ ಬಳಸಿ ಊರಿನ ಹೆಸರಾಗಿದೆ. ಇವುಗಳ ನಡುನಡುವೆ ‘ನವರಂಗ್ ಹಿಂಭಾಗ’, ‘ಟೋಲ್‌ಗೇಟ್ ಹತ್ತಿರ’, ‘ಗಣಪತಿ ದೇವಸ್ಥಾನದ ಎದುರು’ ಎಂಬ ಗುರುತುಗಳು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಕುರುಬರಹಳ್ಳಿ, ಅಗ್ರಹಾರ ದಾಸರಹಳ್ಳಿಗಳು ಬಡಾವಣೆಗಳೊಳಗೆ ಕರಗಿಹೋದ ಮೇಲೂ ವಿಳಾಸದಲ್ಲಿ ಉಳಿದುಕೊಂಡಿವೆ. ಜಾನಪದ ಅಧ್ಯಯನದ ದೃಷ್ಟಿಯಿಂದ ವಿಳಾಸವೂ ಸ್ಥಳನಾಮಗಳ ಒಂದು ಪದರ. ಯೋಜನೆ ಹಾಕಿದವರ ಅಂಕಿ ಮೇಲೆ, ಊರವರ ಮಾತು ಕೆಳಗೆ. ಇವೆರಡನ್ನೂ ಒಟ್ಟಿಗೆ ಓದಬಲ್ಲವರು ಸಾರ್ಟರ್ ಮತ್ತು ಪೋಸ್ಟ್‌ಮನ್. ಅವರ ಈ ತಿಳಿವಳಿಕೆ ಹಳಬರಿಂದ ಹೊಸಬರಿಗೆ ಕೆಲಸದ ನಡುವೆಯೇ ದಾಟಿಬಂದದ್ದು. ಕುಂಬಾರನ ಅಥವಾ ನೇಕಾರನ ಕಸುಬಿನ ಜ್ಞಾನಕ್ಕೆ ನಾವು ಕೊಡುವ ಮನ್ನಣೆ ಇದಕ್ಕೆ ದೊರೆತಿಲ್ಲ. ಸರ್ಕಾರಿ ಕಚೇರಿಯೊಳಗೆ ಜಾನಪದವಿರಲಾರದು ಎಂಬ ನಮ್ಮ ಶಾಸ್ತ್ರದ ಪೂರ್ವಗ್ರಹವೇ ಇದಕ್ಕೆ ಕಾರಣವೆಂದು ತೋರುತ್ತದೆ.

ಕೈಬರಹದ ವಿಳಾಸವನ್ನು ಯಂತ್ರಕ್ಕೆ ಓದಿಸಿದವರಲ್ಲಿ ಮುಖ್ಯರಾದವರೊಬ್ಬರು ಬೆಂಗಳೂರಿನಲ್ಲಿ ಓದಿದವರು ಎಂಬುದನ್ನು ಇಲ್ಲಿ ವಿವರವಾಗಿ ಹೇಳಬೇಕು. ಬೆಂಗಳೂರು ವಿಶ್ವವಿದ್ಯಾಲಯ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿ, ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಸರಗೂರು ಎನ್. ಶ್ರೀಹರಿ ಅವರು ಬಫೆಲೋ ವಿಶ್ವವಿದ್ಯಾಲಯದಲ್ಲಿ ದಸ್ತಾವೇಜುಗಳ ವಿಶ್ಲೇಷಣೆಗೆ ಮೀಸಲಾದ ‘ಸೀಡಾರ್’ ಕೇಂದ್ರವನ್ನು ಸ್ಥಾಪಿಸಿದರು. ಅವರ ಹೆಸರಿನ ಮೊದಲ ಪದ ಮೈಸೂರು ಜಿಲ್ಲೆಯ ಸರಗೂರನ್ನು ನೆನಪಿಗೆ ತರುತ್ತದೆ. ಊರನ್ನು ಹೆಸರಿನ ಮೊದಲಿಗೆ ಹೊರುವ ನಮ್ಮ ಪದ್ಧತಿಯಲ್ಲಿ ಮನುಷ್ಯನ ಹೆಸರೂ ಅರ್ಧ ವಿಳಾಸವೇ. ಅಮೆರಿಕದ ಅಂಚೆ ಇಲಾಖೆಯ ನೆರವಿನಿಂದ ಈ ಕೇಂದ್ರ ರೂಪಿಸಿದ ಕೈಬರಹದ ವಿಳಾಸ ಗ್ರಹಿಸುವ ವ್ಯವಸ್ಥೆ 1990ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ಅಂಚೆಯಲ್ಲಿ ಬಳಕೆಗೆ ಬಂತು. ಶ್ರೀಹರಿಯವರು 2022ರಲ್ಲಿ ನಿಧನರಾದರು.

ಈ ವ್ಯವಸ್ಥೆಯ ಕ್ರಮ ಕುತೂಹಲಕರವಾದುದು. ಅದು ಎಲ್ಲ ಅಕ್ಷರಗಳನ್ನೂ ಒಂದೊಂದಾಗಿ ಓದಲು ಹೊರಡುವುದಿಲ್ಲ. ಮೊದಲು ಜಿಪ್ ಸಂಕೇತವನ್ನೂ ಮನೆಯ ಸಂಖ್ಯೆಯನ್ನೂ ಹುಡುಕುತ್ತದೆ. ಆ ಸಂಕೇತದ ವ್ಯಾಪ್ತಿಯಲ್ಲಿ ಆ ಸಂಖ್ಯೆಯ ಮನೆ ಯಾವಯಾವ ಬೀದಿಗಳಲ್ಲಿದೆ ಎಂದು ಅಂಚೆಯ ಪಟ್ಟಿಯಲ್ಲಿ ನೋಡುತ್ತದೆ. ಹಾಗೆ ದೊರೆತ ಕೆಲವೇ ಬೀದಿ ಹೆಸರುಗಳಲ್ಲಿ ಯಾವುದು ಲಕೋಟೆಯ ಮೇಲಿನ ಗೀಚಿಗೆ ಹೆಚ್ಚು ಹೊಂದುತ್ತದೆ ಎಂದು ತೀರ್ಮಾನಿಸುತ್ತದೆ. ಅರಿತದ್ದರ ಬಲದಿಂದ ಅರಿಯದ್ದನ್ನು ಊಹಿಸುವ ಈ ದಾರಿ ಅನುಭವಿ ಸಾರ್ಟರನದೇ ದಾರಿ. ಯಂತ್ರ ಗೆದ್ದದ್ದು ಅವನನ್ನು ಅನುಸರಿಸಿದಾಗ. ಅದಕ್ಕೆ ಬೇಕಾದದ್ದು ದೇಶದ ಪ್ರತಿಯೊಂದು ಮನೆಯ ಕ್ರಮಬದ್ಧ ಪಟ್ಟಿ, ಮತ್ತು ಯಾವ ಅಂಕಿ ಮನೆಯದು ಎಂಬ ಖಚಿತತೆ. ಏಳು ಅಂಕಿಗಳ ರಾಜಾಜಿನಗರದ ಲಕೋಟೆಯನ್ನು ಇದರ ಮುಂದಿಟ್ಟರೆ ಯಂತ್ರ ತಡವರಿಸುವುದು ಇಲ್ಲಿಯೇ.

ಭಾರತದಲ್ಲಿ ಸ್ವಯಂಚಾಲಿತ ವಿಂಗಡಣೆ 1993ರಲ್ಲಿ ಮುಂಬಯಿಯಲ್ಲಿಯೂ 1996ರಲ್ಲಿ ಚೆನ್ನೈಯಲ್ಲಿಯೂ ಆರಂಭವಾಯಿತು. ದೆಹಲಿ ಮತ್ತು ಕೋಲ್ಕತ್ತದ ಕೇಂದ್ರಗಳು 2012ರಲ್ಲಿ ಬಂದವು. ಈ ನಾಲ್ಕು ಹೆಸರುಗಳಲ್ಲಿ ಗಣಕಯಂತ್ರಗಳ ರಾಜಧಾನಿಯೆಂದು ಹೆಸರಾದ ಬೆಂಗಳೂರು ಇಲ್ಲ ಎಂಬುದನ್ನು ವಿಪರ್ಯಾಸವೆನ್ನದೆ ಬೇರೇನೂ ಹೇಳಲಾಗದು. ಅಷ್ಟು ಹೊತ್ತಿಗೆ ಪತ್ರಗಳ ಕಾಲವೂ ಇಳಿಮುಖವಾಗಿತ್ತು. ಇಂದು ಬಡಾವಣೆಗಳಿಗೆ ಬರುವ ಸರಕಿನ ಪೊಟ್ಟಣಗಳನ್ನು ಬಾರ್‌ಕೋಡ್ ವಿಂಗಡಿಸುತ್ತದೆ. ಬೀದಿಗೆ ಬಂದ ಹುಡುಗ ಮಾತ್ರ ದೂರವಾಣಿಯಲ್ಲಿ ‘ಯಾವ ದೇವಸ್ಥಾನದ ಹತ್ತಿರ?’ ಎಂದೇ ಕೇಳುತ್ತಾನೆ.

ಲಿಪಿಯ ಪ್ರಶ್ನೆ ಉಳಿದಿದೆ. ಅಂಚೆ ಕೇಂದ್ರದ ಇಲಾಖೆ. ಸಂವಿಧಾನದ 343ನೆಯ ವಿಧಿ ಕೇಂದ್ರದ ಅಧಿಕೃತ ಕೆಲಸಗಳಿಗೆ ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪವನ್ನು ಗೊತ್ತುಪಡಿಸಿದೆ. ಅಂಚೆ ಕಾರ್ಡಿನ, ಇನ್‌ಲ್ಯಾಂಡ್ ಪತ್ರದ ಆರು ಚೌಕಗಳಲ್ಲಿ ೫೬೦೦೭೯ ಎಂದು ಬರೆದರೆ ಬಸವೇಶ್ವರನಗರದ ಪೋಸ್ಟ್‌ಮನ್ನನಿಗೆ ತೊಡಕಿಲ್ಲ. ಯಂತ್ರಕ್ಕೆ ಅದನ್ನು ಪ್ರತ್ಯೇಕವಾಗಿ ಕಲಿಸಬೇಕು. ಅವಸರದ ಕೈಯಲ್ಲಿ ಕನ್ನಡದ ೧ ಸೊನ್ನೆಯ ಹಾಗೆ ಕಾಣುತ್ತದೆ, ೬ ಮತ್ತು ೯ ಒಂದನ್ನೊಂದು ಹೋಲುತ್ತವೆ. ಅಂಕಿ ಓದುವ ಗಣಕ ವಿದ್ಯೆಗೆ ತಳಹದಿಯಾದ 1989ರ ಪ್ರಸಿದ್ಧ ಪ್ರಯೋಗದಲ್ಲಿ ಬೆಲ್ ಪ್ರಯೋಗಾಲಯದವರು ಬಳಸಿದ್ದು ಬಫೆಲೋ ಅಂಚೆಯ ಮೂಲಕ ಹಾದುಹೋದ ಲಕೋಟೆಗಳ ಒಂಬತ್ತು ಸಾವಿರಕ್ಕೂ ಹೆಚ್ಚು ಕೈಬರಹದ ಅಂಕಿಗಳನ್ನು. ಕನ್ನಡ ಅಂಕಿಗಳಿಗೆ ಅಂಥದೊಂದು ದೊಡ್ಡ ಸಂಗ್ರಹ ‘ಕನ್ನಡ-ಎಂನಿಸ್ಟ್’ ಎಂಬ ಹೆಸರಿನಲ್ಲಿ ಬಂದದ್ದು 2019ರಲ್ಲಿ. ಬೆಂಗಳೂರಿನ 65 ಮಂದಿ ಸ್ವಯಂಸೇವಕರು ಬರೆದುಕೊಟ್ಟ ಅಂಕಿಗಳಿಂದ 70,000 ಚಿತ್ರಗಳ ಈ ಸಂಗ್ರಹ ಸಿದ್ಧವಾಯಿತು. ಬಫೆಲೋದ ಅಂಕಿಗಳು ನಿಜವಾದ ಪತ್ರಗಳ ಮೇಲಿನವು; ನಮ್ಮವು ಸಂಗ್ರಹಕ್ಕೆಂದೇ ಬರೆಸಿದವು. ಕನ್ನಡದಲ್ಲಿ ವಿಳಾಸ ಬರೆದ ಹಳೆಯ ಲಕೋಟೆಗಳು ಇಂದಿಗೂ ಮನೆಗಳ ಅಟ್ಟದ ಮೇಲಿವೆ. ಕೈಬರಹ ಮತ್ತು ಸ್ಥಳನಾಮಗಳ ಆಕರವಾಗಿ ಅವುಗಳನ್ನು ಕಲೆಹಾಕುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ವಹಿಸಿಕೊಳ್ಳಬೇಕು. ನಿವೃತ್ತ ಸಾರ್ಟರುಗಳ ಮಾತನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸವೂ ಇದರೊಡನೆಯೇ ಆಗಬೇಕು.

ಈ ನಡುವೆ 2025ರಲ್ಲಿ ಅಂಚೆ ಇಲಾಖೆ ‘ಡಿಜಿಪಿನ್’ ಎಂಬ ಹೊಸ ಸಂಕೇತವನ್ನು ಹೊರತಂದಿದೆ. ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಚೌಕಗಳಾಗಿ ವಿಭಾಗಿಸಿ ಪ್ರತಿ ಚೌಕಕ್ಕೂ ಹತ್ತು ಚಿಹ್ನೆಗಳ ಗುರುತನ್ನು ಅದು ಕೊಡುತ್ತದೆ. ರಾಜಾಜಿನಗರದ ಒಂದೊಂದು ಮನೆಯೂ ಹಲವು ಚೌಕಗಳಲ್ಲಿ ಹರಡಿಕೊಳ್ಳುತ್ತದೆ. ಅಡ್ಡರಸ್ತೆ, ಮುಖ್ಯರಸ್ತೆ, ಹಳೇ ನಂಬರು, ಕೇತಮಾರನಹಳ್ಳಿ ಯಾವುದೂ ಅದಕ್ಕೆ ಬೇಕಿಲ್ಲ. ಬಳಸುವ ಚಿಹ್ನೆಗಳು ಹದಿನಾರು: ಎರಡರಿಂದ ಒಂಬತ್ತರವರೆಗಿನ ಅಂಕಿಗಳು ಮತ್ತು ಎಂಟು ರೋಮನ್ ಅಕ್ಷರಗಳು.