ದಡಾರ
ಮಾರ್ಬಿಲಿವೈರಸ್ ಕುಲದ ವೈರಸ್‌ನಿಂದ ಬರುವ ತೀವ್ರ ಸಾಂಕ್ರಾಮಿಕ ರೋಗ. ರೋಗಿಯ ಕೆಮ್ಮು, ಸೀನು, ಉಸಿರಿನಿಂದ ಹರಡುತ್ತದೆ. ವೈರಸ್ ಗಾಳಿಯಲ್ಲಿ 2 ಗಂಟೆಯವರೆಗೆ ಉಳಿಯಬಲ್ಲದು.

ಲಕ್ಷಣಗಳು: ಸೋಂಕು ತಗಲಿದ ಸುಮಾರು 10-14 ದಿನಗಳಲ್ಲಿ ಜ್ವರ, ನೆಗಡಿ, ಕೆಮ್ಮು, ಕೆಂಗಣ್ಣು, ಕೆನ್ನೆಯ ಒಳಗೆ ಬಿಳಿ ಚುಕ್ಕೆಗಳು, ಬಳಿಕ ಮುಖದಿಂದ ಕೆಳಕ್ಕಿಳಿಯುವ ಕೆಂಪು ದದ್ದು. ದದ್ದು ಏಳುವ 4 ದಿನ ಮೊದಲಿನಿಂದ 4 ದಿನ ನಂತರದವರೆಗೆ ರೋಗ ಹರಡುತ್ತದೆ. ನ್ಯುಮೋನಿಯಾ, ಭೇದಿ, ಮಿದುಳಿನ ಉರಿಯೂತ, ಕುರುಡುತನ ಉಂಟಾಗಬಹುದು.

ತಡೆ: ವೈರಸ್ ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ, ವೈದ್ಯರ ಸಲಹೆಯಂತೆ ವಿಟಮಿನ್ ಎ ಕೊಡುತ್ತಾರೆ. 1963ರಲ್ಲಿ ಬಂದ ಲಸಿಕೆಯೇ ನಿಜವಾದ ರಕ್ಷಣೆ. ಭಾರತದಲ್ಲಿ ದಡಾರ-ರುಬೆಲ್ಲಾ ಲಸಿಕೆಯನ್ನು 9-12 ಮತ್ತು 16-24ನೇ ತಿಂಗಳಲ್ಲಿ ಹಾಕುತ್ತಾರೆ. ಈ ಲಸಿಕೆ ಹಾಕುವ 2017ರ ಮೊದಲ ಹಂತದ ಅಭಿಯಾನದಲ್ಲಿ ಕರ್ನಾಟಕವೂ ಸೇರಿತ್ತು. ಶೇ 95ರಷ್ಟು ಮಕ್ಕಳಿಗೆ ಎರಡೂ ಡೋಸ್ ದೊರೆತರೆ ಲಸಿಕೆ ಪಡೆಯಲಾಗದ ಎಳೆಗೂಸುಗಳೂ ಸುರಕ್ಷಿತ.