ಡಯಾಟಮ್ ಮಣ್ಣು

ಡಯಾಟಮ್ ಎಂಬ ಏಕಕೋಶ ಪಾಚಿಗಳ ಸಿಲಿಕಾ ಚಿಪ್ಪುಗಳು ಸರೋವರ ಮತ್ತು ಸಮುದ್ರಗಳ ತಳದಲ್ಲಿ ಪದರಪದರವಾಗಿ ಸೇರಿ ಉಂಟಾದ ಮೆದುವಾದ, ಹಗುರವಾದ ಜಲಜ ಶಿಲೆ. ಅದರ ಪುಡಿಗೂ ಇದೇ ಹೆಸರು. ಡಯಾಟಮೈಟ್, ಕೀಸೆಲ್‌ಗುರ್ ಎಂದೂ ಕರೆಯುತ್ತಾರೆ. ಸಾಮಾನ್ಯವಾಗಿ ಇದರಲ್ಲಿ ಶೇ. 80–90ರಷ್ಟು ಸಿಲಿಕಾ ಇದ್ದು, ಉಳಿದದ್ದರಲ್ಲಿ ಅಲ್ಯುಮಿನ ಮತ್ತು ಕಬ್ಬಿಣದ ಆಕ್ಸೈಡ್ ಮುಖ್ಯ. ಚಿಪ್ಪಿನ ತುಂಬ ಸೂಕ್ಷ್ಮ ರಂಧ್ರಗಳಿರುವುದರಿಂದ ಪುಡಿಗೆ ದ್ರವವನ್ನು ಹೀರಿಕೊಳ್ಳುವ ಶಕ್ತಿ ಹೆಚ್ಚು.

ಜರ್ಮನಿಯ ಲ್ಯೂನೆಬರ್ಗ್ ಪ್ರದೇಶದ ನಿಕ್ಷೇಪಗಳು 1830ರ ದಶಕದಲ್ಲಿ ಬೆಳಕಿಗೆ ಬಂದವು. ಮುಟ್ಟಿದರೆ ಸಿಡಿಯುವಂಥ ನೈಟ್ರೋಗ್ಲಿಸರಿನ್ನನ್ನು ಆಲ್‌ಫ್ರೆಡ್ ನೊಬೆಲ್ ಈ ಪುಡಿಗೆ ಹೀರಿಸಿ ಪಳಗಿಸಿದ. 1867ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದೇ ಡೈನಮೈಟ್. ಇಂದು ಹೆಚ್ಚಿನ ಬಳಕೆ ಸೋಸುವುದಕ್ಕೆ: ಬಿಯರ್, ಸಕ್ಕರೆ ಪಾಕ, ಎಣ್ಣೆ, ಈಜುಕೊಳದ ನೀರು. ಉತ್ಪಾದನೆಯಲ್ಲಿ ಅಮೆರಿಕ ಮುಂದಿದೆ; ಕ್ಯಾಲಿಫೋರ್ನಿಯದ ಲಾಂಪೋಕ್ ಗಣಿಗಳು ಪ್ರಸಿದ್ಧ.

ಈ ಪುಡಿಯನ್ನು ಕೀಟಗಳನ್ನು ಕೊಲ್ಲಲೂ ಬಳಸುತ್ತಾರೆ. ಕೀಟಗಳ ಮೈಮೇಲೆ ತೆಳುವಾದ ಮೇಣದ ಲೇಪವಿರುತ್ತದೆ. ಮೈಯ ನೀರು ಆವಿಯಾಗದಂತೆ ತಡೆಯುವುದು ಅದೇ. ಡಯಾಟಮ್ ಪುಡಿ ಆ ಮೇಣವನ್ನು ಹೀರುತ್ತದೆ, ಗೀರುತ್ತದೆ. ಜಿರಲೆ, ತಿಗಣೆ, ಇರುವೆ, ಕಾಳಿನ ಹುಳುಗಳು ನಿಧಾನವಾಗಿ ಒಣಗಿ ಸಾಯುತ್ತವೆ. ಹಲವು ದಿನ ಹಿಡಿಯಬಹುದು. ಪುಡಿ ಒದ್ದೆಯಾಗಿರುವವರೆಗೆ ಕೆಲಸ ನಡೆಯದು, ಆದ್ದರಿಂದ ಮಳೆಗಾಲದ ಮಲೆನಾಡಿನಲ್ಲಿ ಇದನ್ನು ನಂಬಿ ಕೂರುವಂತಿಲ್ಲ. ಕಾಳಿಗೆ ಬೂದಿ ಬೆರೆಸಿಡುವ ನಮ್ಮ ಹಳ್ಳಿಗಳ ಪದ್ಧತಿಯ ಹಿಂದೆಯೂ ಬಹುಮಟ್ಟಿಗೆ ಇಂಥದೇ ಕ್ರಿಯೆಯಿದೆ.

ಮನುಷ್ಯರಿಗೆ ಇದರಿಂದಾಗುವ ಅಪಾಯವನ್ನು ನಿರ್ಧರಿಸುವುದು ಪುಡಿಯನ್ನು ಹೇಗೆ ಸಂಸ್ಕರಿಸಿದ್ದಾರೆ ಎಂಬುದು. ಸಹಜ ಪುಡಿಯ ಸಿಲಿಕಾ ಬಹುಪಾಲು ಅಸ್ಫಟಿಕ. ಸೋಸುವ ಕೆಲಸಕ್ಕಾಗಿ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟಾಗ ಅದರಲ್ಲಿ ಬಹಳಷ್ಟು ಕ್ರಿಸ್ಟೊಬಲೈಟ್ ಎಂಬ ಸ್ಫಟಿಕ ರೂಪಕ್ಕೆ ತಿರುಗಬಹುದು. ಇದರ ಧೂಳನ್ನು ದೀರ್ಘಕಾಲ ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತಗಲಬಹುದು. ಉದ್ಯೋಗದಲ್ಲಿ ಉಸಿರಾಡುವ ಸ್ಫಟಿಕ ಸಿಲಿಕಾವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಮಾನವರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಹೀಗಾಗಿ ಈಜುಕೊಳದ ಫಿಲ್ಟರ್ ಪುಡಿಯನ್ನು ಮನೆಯ ಕೀಟಗಳಿಗೆ ಎಂದೂ ಬಳಸಬಾರದು. ಚೀಲದ ಮೇಲೆ ‘ಫುಡ್ ಗ್ರೇಡ್’ ಎಂದಿದ್ದರೆ ಸ್ಫಟಿಕ ಸಿಲಿಕಾ ಕಡಿಮೆ ಎಂದು ತಿಳಿಯಬಹುದು, ತಿನ್ನುವ ಪದಾರ್ಥವೆಂದಲ್ಲ. ಇದನ್ನು ನೀರಿನಲ್ಲಿ ಕಲಸಿ ಕುಡಿದರೆ ದೇಹದ ಕಲ್ಮಶ ಹೋಗುತ್ತದೆಂಬ ಪ್ರಚಾರಕ್ಕೆ ಗಟ್ಟಿ ವೈದ್ಯಕೀಯ ಆಧಾರವಿಲ್ಲ.

ಸಹಜ ಪುಡಿಯೂ ಕಣ್ಣು, ಮೂಗು, ಗಂಟಲನ್ನು ಕೆರಳಿಸುತ್ತದೆ, ಚರ್ಮವನ್ನು ಒಣಗಿಸುತ್ತದೆ. ಫ್ಯಾನ್ ನಿಲ್ಲಿಸಿ, ಎನ್‌95 ಮಾಸ್ಕ್ ಹಾಕಿಕೊಂಡು, ಗೋಡೆಯ ಬಿರುಕು ಹಾಗೂ ಕಪಾಟಿನ ಹಿಂಬದಿಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾಗಿ ಉದುರಿಸಿದರೆ ಸಾಕು. ರಾಶಿ ಹಾಕಿದರೆ ಕೀಟಗಳು ಸುತ್ತಿಕೊಂಡು ಹೋಗುತ್ತವೆ. ಹಾಸಿಗೆಯ ಮೇಲೆ, ಆಸ್ತಮಾ ರೋಗಿಗಳಿರುವ ಕೋಣೆಯಲ್ಲಿ, ಮಕ್ಕಳು ಆಡುವ ಜಾಗದಲ್ಲಿ ಬೇಡ. ಪುಡಿಗೆ ಮಿತ್ರಕೀಟ, ಶತ್ರುಕೀಟ ಎಂಬ ಭೇದವಿಲ್ಲ, ಜೇನ್ನೊಣ ಕೂರುವ ಹೂಗಳ ಮೇಲೆ ಎರಚಬಾರದು. ತೆಗೆಯುವಾಗ ಪೊರಕೆಯಿಂದ ಗುಡಿಸಿದರೆ ಧೂಳು ಮತ್ತೆ ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಕು.