ಇನ್ನೂರು ಪೀಚ್ ಓಟೆಗೊಂದು ಮಾಸ್ಕು

ಕಳೆದ ಶನಿವಾರ ವಾಟರ್ ಪ್ಯೂರಿಫೈಯರ್ ಸರ್ವಿಸ್ ಮಾಡೋ ಹುಡುಗ ಬಂದಿದ್ದ. "ಸಾರ್, ಕಾರ್ಬನ್ ಹೋಗಿದೆ, ಚೇಂಜ್ ಮಾಡ್ಬೇಕು" ಅಂದ. ಎಲ್ಲಿಗೆ ಹೋಗಿದೆ ಅಂತ ಕೇಳಿದೆ. ನಗಲಿಲ್ಲ. ಹಳೇದನ್ನು ಬಿಚ್ಚಿ ಸಿಂಕಿನ ಪಕ್ಕ ಇಟ್ಟು, ಬಿಲ್ ಕೊಟ್ಟು ಹೊರಟ. ಬಿಲ್ ನೋಡಿದ ಮೇಲೆ, ಇಷ್ಟು ದುಡ್ಡಿಗೆ ಅದರೊಳಗೆ ಏನಿರುತ್ತೆ ನೋಡೇ ಬಿಡೋಣ ಅಂತ ಹ್ಯಾಕ್ಸಾ ಹಿಡಿದು ಕೊಯ್ದೆ. ಒಳಗಿದ್ದದ್ದು ಸಾಸಿವೆ ಗಾತ್ರದ ಕಪ್ಪು ಹರಳು. ತೆಂಗಿನ ಚಿಪ್ಪಿನ ಇದ್ದಿಲು! ನಮ್ಮಜ್ಜಿ ಹಲ್ಲುಜ್ಜೋಕೆ ಕೊಡ್ತಿದ್ದ ಮಸಿಯ ಓದಿಕೊಂಡ ತಮ್ಮ.

ಓದಿಕೊಂಡದ್ದು ಹೇಗೆ ಅಂದರೆ, ಮೊದಲು ಚಿಪ್ಪನ್ನು ಗಾಳಿಯಾಡದ ಹಾಗೆ ಸುಟ್ಟು ಇದ್ದಿಲು ಮಾಡ್ತಾರೆ. ಆಮೇಲೆ ಆ ಇದ್ದಿಲ ಮೇಲೆ 800ರಿಂದ 1000 ಡಿಗ್ರಿ ಬಿಸಿಯಲ್ಲಿ ಹಬೆ ಹಾಯಿಸ್ತಾರೆ. ಹಬೆ ಒಳಗೊಳಗೇ ಕೊರೆದು ಕಣ್ಣಿಗೆ ಕಾಣದ ಕೋಟ್ಯಂತರ ತೂತು ಮಾಡುತ್ತದೆ. ಹೀಗೆ ತಯಾರಾದ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್. ಬೆಂಗಳೂರು ಲೆಕ್ಕದಲ್ಲಿ ಹೇಳೋದಾದರೆ ಒಂಬತ್ತು ತರ್ಟಿ-ಫಾರ್ಟಿ ಸೈಟು! ಬಣ್ಣ, ವಾಸನೆ, ಕೀಟನಾಶಕದಂಥ ಕಶ್ಮಲಗಳೆಲ್ಲ ಬಂದು ಈ ಸೈಟುಗಳಲ್ಲಿ ಕೂತುಬಿಡ್ತವೆ. ಸೈಟೆಲ್ಲ ಭರ್ತಿಯಾದ ದಿನ 'ಕಾರ್ಬನ್ ಹೋಗಿದೆ'.

ಇದ್ದಿಲಿಗೆ ಇಂಥ ಶಕ್ತಿಯಿದೆ ಅಂತ ಜನಕ್ಕೆ ಮೊದಲಿಂದ ಗೊತ್ತಿತ್ತು. 1785ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಔಷಧಶಾಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಟೋಬಿಯಾಸ್ ಲೋವಿಟ್ಸ್ ಎಂಬಾತ, ಕಂದು ಬಣ್ಣಕ್ಕೆ ತಿರುಗಿದ ಟಾರ್ಟಾರಿಕ್ ಆಸಿಡ್ ದ್ರಾವಣವನ್ನು ಇದ್ದಿಲು ತಿಳಿ ಮಾಡುವುದನ್ನು ಕಂಡುಕೊಂಡ. ಆಮೇಲೆ ರಷ್ಯನ್ನರು ವೋಡ್ಕಾ ಶುದ್ಧ ಮಾಡೋಕೆ ಅದನ್ನು ಬಳಸಿದರು. ಯುರೋಪಿನ ಸಕ್ಕರೆ ಕಾರ್ಖಾನೆಗಳು ಮೂಳೆಯ ಇದ್ದಿಲಿನಿಂದ ಸಕ್ಕರೆ ಬೆಳ್ಳಗೆ ಮಾಡಿದವು. ಅಲ್ಲಿಯವರೆಗೆ ಇದು ಹೆಚ್ಚಾಗಿ ಸಕ್ಕರೆ, ಹೆಂಡದ ವ್ಯವಹಾರ. ಯುದ್ಧಭೂಮಿಯಲ್ಲಿ ಪ್ರಾಣ ಉಳಿಸುವ ಕೆಲಸ ಇದ್ದಿಲಿಗೆ ಬಿದ್ದದ್ದು 1915ರಲ್ಲಿ.

ಆ ವರ್ಷ ಏಪ್ರಿಲ್ 22ರ ಸಂಜೆ, ಬೆಲ್ಜಿಯಂನ ಈಪ್ರ್ ಊರಿನ ಬಳಿ ಗಾಳಿ ತಮಗೆ ಬೇಕಾದ ದಿಕ್ಕಿಗೆ ತಿರುಗಲಿ ಅಂತ ಕಾಯುತ್ತಿದ್ದ ಜರ್ಮನ್ನರು, 5000ಕ್ಕೂ ಹೆಚ್ಚು ಸಿಲಿಂಡರುಗಳ ಬಾಯಿ ತೆರೆದರು. ಹಳದಿ-ಹಸಿರು ಕ್ಲೋರಿನ್ ಮೋಡ ನೆಲಕ್ಕೆ ಅಂಟಿಕೊಂಡೇ ಫ್ರೆಂಚ್ ಮತ್ತು ಅಲ್ಜೀರಿಯನ್ ಸೈನಿಕರಿದ್ದ ಕಂದಕಗಳಿಗೆ ಇಳಿಯಿತು. ನಾಲ್ಕು ದಿನ ಬಿಟ್ಟು ಅದೇ ಜಾಗಕ್ಕೆ ನಮ್ಮ ಲಾಹೋರ್ ಡಿವಿಷನ್ನನ್ನು ನುಗ್ಗಿಸಿದರು. ಅವರಿಗೂ ಗ್ಯಾಸು. ಜಮಾದಾರ ಮೀರ್ ದಸ್ತ್ ಅವತ್ತು ಗಾಯಾಳು ಅಧಿಕಾರಿಗಳನ್ನು ಹೊತ್ತು ತಂದು ವಿಕ್ಟೋರಿಯಾ ಕ್ರಾಸ್ ಪಡೆದ. ಆದರೆ ಒಳಗೆ ಹೋದ ಗ್ಯಾಸು ಅವನನ್ನು ಕಾಡುವುದು ಬಿಡಲಿಲ್ಲ. ಆಗ ಸೈನಿಕರ ಬಳಿ ಇದ್ದ ರಕ್ಷಣೆ ಅಂದರೆ ಒದ್ದೆ ಬಟ್ಟೆ. ನೀರಿಲ್ಲದಿದ್ದರೆ ಮೂತ್ರ. ಹೌದು, ನಿಜವಾಗಲೂ.

ರಾಸಾಯನಿಕದಲ್ಲಿ ಅದ್ದಿದ ಪಟ್ಟಿಗಳೂ ಬಂದವು. ಆದರೆ ಕ್ಲೋರಿನ್ನಿಗೆ ಮದ್ದು ಹುಡುಕುವಷ್ಟರಲ್ಲಿ ಫಾಸ್ಜೀನ್ ಬಂತು. ಒಂದೊಂದು ವಿಷಕ್ಕೆ ಒಂದೊಂದು ಮದ್ದು ಹುಡುಕುತ್ತಾ ಕೂತರೆ ಆಗೋದಲ್ಲ. ಪೆಟ್ರೋಗ್ರಾಡ್‌ನಲ್ಲಿ (ಅದೇ ಲೋವಿಟ್ಸನ ಊರು, ಹೆಸರು ಮಾತ್ರ ಬದಲಾಗಿತ್ತು) ನಿಕೊಲಾಯ್ ಝೆಲಿನ್ಸ್ಕಿ ಎಂಬ ರಸಾಯನ ವಿಜ್ಞಾನಿಗೆ ಹೊಳೆದದ್ದು ಇದೇ. ಸಡಿಲ ಮಣ್ಣಿಗೆ ಮುಖ ಒತ್ತಿಕೊಂಡವರು ಬದುಕುಳಿದರು ಎಂಬ ವರದಿ ಅವನ ತಲೆಯಲ್ಲಿ ಕೂತಿತ್ತಂತೆ. ಯಾವ ವಿಷ ಅಂತ ಕೇಳದೆ ಎಲ್ಲವನ್ನೂ ಹಿಡಿದಿಡುವ ವಸ್ತು ಬೇಕಿತ್ತು. ವೋಡ್ಕಾದವರ ಇದ್ದಿಲು ಕಣ್ಣೆದುರೇ ಇತ್ತು! ಗಂಧಕ ಸುಟ್ಟು ಹೊಗೆ ತುಂಬಿದ ಕೋಣೆಯಲ್ಲಿ, ಕರವಸ್ತ್ರದಲ್ಲಿ ಸುತ್ತಿದ ಇದ್ದಿಲಿನ ಮೂಲಕ ಉಸಿರಾಡಿ ಪರೀಕ್ಷೆ ಮಾಡಿದರು. ಕುಮ್ಮಂಟ್ ಎಂಬ ಎಂಜಿನಿಯರ್ ಅದಕ್ಕೊಂದು ರಬ್ಬರ್ ಮುಖವಾಡ ಸೇರಿಸಿದ.

ನನಗೆ ತುಂಬಾ ಇಷ್ಟವಾದ ಭಾಗ ಮುಂದಿನದು. ಗ್ಯಾಸು ಹಿಡಿಯೋಕೆ ಮರದ ಇದ್ದಿಲಿಗಿಂತ ತೆಂಗಿನ ಚಿಪ್ಪಿನದ್ದು ವಾಸಿ. ಚಿಪ್ಪು ಗಟ್ಟಿ, ತೂತು ಸಣ್ಣ. ಆದರೆ ಅಮೆರಿಕ ಯುದ್ಧಕ್ಕಿಳಿದಾಗ ಅಷ್ಟೊಂದು ತೆಂಗು ಎಲ್ಲಿಂದ ತರೋದು? 1918ರಲ್ಲಿ ಸರ್ಕಾರ ಜನರ ಮುಂದೆ ಕೈಯೊಡ್ಡಿತು: ಪೀಚ್, ಏಪ್ರಿಕಾಟ್, ಪ್ಲಮ್, ಚೆರ್ರಿ ತಿಂದು ಓಟೆ ಎಸೀಬೇಡಿ, ನಮಗೆ ಕೊಡಿ. 200 ಪೀಚ್ ಓಟೆ ಅಥವಾ ಏಳು ಪೌಂಡ್ ಅಕ್ರೋಟಿನಂಥ ಕಾಯಿಗಳ ಚಿಪ್ಪಿನಿಂದ ಒಬ್ಬ ಸೈನಿಕನ ಮಾಸ್ಕಿಗೆ ಸಾಕಾಗುವಷ್ಟು ಇದ್ದಿಲು ಸಿಗುತ್ತದೆ ಅಂತ ಪ್ರಚಾರ ಮಾಡಿದರು. ಬೀದಿಗಳಲ್ಲಿ ಡಬ್ಬ ಇಟ್ಟರು. ಸ್ಕೌಟ್ ಹುಡುಗರು ಮನೆಮನೆಗೆ ಹೋದರು. ಇನ್ನೂರನೇ ಓಟೆ ಚೀಪಿ ಡಬ್ಬಕ್ಕೆ ಹಾಕಿದ ಹುಡುಗನಿಗೆ ಎಷ್ಟು ಹೆಮ್ಮೆಯಾಗಿರಬೇಡ! ನವೆಂಬರ್ 11ಕ್ಕೆ ಯುದ್ಧವೇ ಮುಗಿಯಿತು.

ಯುದ್ಧ ಮುಗಿದರೂ ಆ ವಿದ್ಯೆ ಉಳಿಯಿತು. ಆಮೇಲೆ ಊರಿನ ನೀರು ಶುದ್ಧೀಕರಣಕ್ಕೆ, ಈಗ ನಮ್ಮ ಅಡುಗೆಮನೆಗೆ. ತಮಾಷೆ ನೋಡಿ, ನಮ್ಮನೆ ಕಾರ್ಬನ್ನಿನ ಮುಖ್ಯ ಕೆಲಸವೂ ಕ್ಲೋರಿನ್ ಹಿಡಿಯೋದೇ. ಕಾವೇರಿ ನೀರಲ್ಲಿ ರೋಗಾಣು ಕೊಲ್ಲೋಕೆ ಹಾಕುವ ಕ್ಲೋರಿನ್ ಆರ್‌ಓ ಪೊರೆಯನ್ನೂ ಹಾಳು ಮಾಡುತ್ತದೆ. ಅದಕ್ಕೇ ಇದ್ದಿಲನ್ನು ಮುಂದೆ ಕಾವಲಿಗೆ ನಿಲ್ಲಿಸ್ತಾರೆ. ಪ್ರಮಾಣ ಲೀಟರಿಗೆ ಮಿಲಿಗ್ರಾಂನ ಒಂದು ಪಾಲು, ಹೆದರಬೇಡಿ.

ಇದ್ದಿಲಿಗೆ ಎಲ್ಲವೂ ಸಿಗುತ್ತದೆ ಅಂತಲೂ ಅಂದುಕೋಬೇಡಿ. ಉಪ್ಪು, ನೈಟ್ರೇಟ್ ಅದರ ಕೈಗೆ ಸಿಗಲ್ಲ. ತುಮಕೂರು ಜಿಲ್ಲೆಯ ತಿಪಟೂರಿನ ಕೊಬ್ಬರಿ ಯಾರಿಗೆ ಗೊತ್ತಿಲ್ಲ? ಕೊಬ್ಬರಿ ತೆಗೆದ ಚಿಪ್ಪು ಹೋಗೋದು ಇದ್ದಿಲು ಘಟಕಗಳಿಗೆ. ಅದೇ ಜಿಲ್ಲೆಯ ಪಾವಗಡದ ಬೋರ್‌ವೆಲ್ ನೀರಲ್ಲಿರೋ ಫ್ಲೋರೈಡಿಗೆ ಮಾತ್ರ ಈ ಮಾಮೂಲಿ ಕಾರ್ಬನ್ ಪ್ರಯೋಜನಕ್ಕೆ ಬರಲ್ಲ.

ಇನ್ನು ಆ ಚಿಪ್ಪು ಸುಡೋ ಕೆಲಸ. 100 ಕೆಜಿ ಸುಟ್ಟರೆ ಸಿಗೋದು ಸುಮಾರು 30 ಕೆಜಿ ಇದ್ದಿಲು. ಹಳೇ ಕಾಲದ ಹಾಗೆ ಗುಂಡಿಯಲ್ಲೋ ಡ್ರಮ್ಮಿನಲ್ಲೋ ಸುಟ್ಟರೆ ಮಿಕ್ಕಿದ್ದೆಲ್ಲ ಟಾರು, ಕಾರ್ಬನ್ ಮಾನಾಕ್ಸೈಡು, ದಟ್ಟ ಹೊಗೆಯಾಗಿ ಊರ ಮೇಲೆ ಹೋಗುತ್ತದೆ. ನನ್ನ ಚಿಕ್ಕಮ್ಮನ ಮನೆ ಅಂಥದ್ದೊಂದು ಘಟಕದಿಂದ ಅರ್ಧ ಮೈಲಿ ದೂರ. ಕೊಯ್ದ ಕಾರ್ಟ್ರಿಡ್ಜಿನ ಫೋಟೋ ಕಳಿಸಿ, "ನಿಮ್ಮೂರಿನ ಚಿಪ್ಪೇ ಇರಬೇಕು ನೋಡಿ" ಅಂದೆ.

"ಇರಬೋದು ಕಣೋ" ಅಂದ್ರು. "ಗಾಳಿ ಈ ಕಡೆ ತಿರುಗಿದ ದಿನ ನಾವು ಕಿಟಕಿ ಹಾಕ್ಕೊಂಡು ಕೂತಿರ್ತೀವಿ."